ಒಣಗಿದ ವರ

ಭಾವನ ಪತ್ರಿಕೆಗೆ ಅಕ್ಷರಗಳ ರೂಪ ಕೊಡುವ ಕೆಲಸ ಅವಳದು. ವರ್ಷಗಟ್ಟಲೆ ಕಣ್ಣು ಸವೆಸಿ ಅವಳು ಬರೆದ ಅಕ್ಷರಗಳ ಹೊಟ್ಟೆ ಅಗಲವಾಗಿತ್ತು, ಬಾಲಗಳು ಬಿಡಿಬಿಡಿಯಾಗಿದ್ದವು. ಕನ್ನಡಕ ಮರೆತ ಮುದುಕರೂ ಸರಾಗವಾಗಿ ಓದುತ್ತಿದ್ದರು. ಆ ಅಕ್ಷರಗಳಿಗೆ ಬಹುಮಾನ ಬಂತು. ವೇದಿಕೆ ಹತ್ತಿ ಫಲಕ ತೆಗೆದುಕೊಂಡವನು ಭಾವ.

"ಇದು ನನ್ನ ತಪಸ್ಸು," ಎಂದು ಮೈಕಿನಲ್ಲಿ ಹೇಳಿದ.

ಪಕ್ಕದಲ್ಲಿ ಕೂತಿದ್ದ ಅಕ್ಕ ಅವಳ ಕೈ ಅದುಮಿದಳು. "ಮನೆ ಮರ್ಯಾದೆ ಕಣೇ, ಸುಮ್ನಿರು."

ಸುಮ್ಮನಿದ್ದಳು. ಒಳಗೊಳಗೇ ಹಲ್ಲು ಮಸೆದಳು.

ಕೆಲವು ತಿಂಗಳಲ್ಲಿ ಭಾವನಿಗೆ ಹೊಸ ಹುಚ್ಚು ಹಿಡಿಯಿತು. "ಈ ಅಕ್ಷರ ಬಹಳ ಜಾಗ ತಿನ್ನುತ್ತೆ. ತೆಳ್ಳಗೆ ಮಾಡು, ಒತ್ತೊತ್ತಾಗಿ ಕೂರ್ಸು. ಜಾಹೀರಾತು ಜಾಸ್ತಿ ಹಿಡೀಬೇಕು."

ಅಗ್ಗದ ಕಾಗದದ ಮೇಲೆ ಶಾಯಿ ಹರಡುತ್ತದೆ, ಇಕ್ಕಟ್ಟಾದ ಅಕ್ಷರದ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎನ್ನಲು ಅವಳು ಬಾಯಿ ತೆರೆದಳು. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಆ ಫಲಕ ಕಂಡಿತು. ಬಾಯಿ ಮುಚ್ಚಿದಳು.

"ನೀವು ಹೇಳಿದ ಹಾಗೇ ಮಾಡ್ತೀನಿ ಭಾವ."

ಹಾಗೇ ಮಾಡಿದಳು. 'ಮ'ದ ಬಾಲವನ್ನು ಮಾತ್ರ ಅವನು ಕೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಒಳಗೆಳೆದಳು. ಭಾವ ಖುಷಿಯಿಂದ ಮೊದಲ ಪುಟದಲ್ಲೇ ದಪ್ಪಗೆ ಹಾಕಿಸಿದ: 'ಅಕ್ಷರ ವಿನ್ಯಾಸ: ಸಂಪಾದಕರು'.

ಆ ವಾರವೇ ಮರದ ವ್ಯಾಪಾರಿಯೊಬ್ಬ ಪತ್ರಿಕೆ ಮುದುರಿ ಹಿಡಿದು ಕಚೇರಿಗೆ ನುಗ್ಗಿದ. "'ಚೆನ್ನಾಗಿ ಒಣಗಿದ ಮರ ಮಾರಾಟಕ್ಕಿದೆ' ಅಂತ ಜಾಹೀರಾತು ಕೊಟ್ಟಿದ್ದೆ. ಜನ 'ವರ' ಅಂತ ಓದ್ತಿದ್ದಾರೆ! ಬೆಳಗ್ಗೆಯಿಂದ ಒಂದೇ ಸಮ ಫೋನು, ವರನಿಗೆ ವಯಸ್ಸೆಷ್ಟು, ಯಾಕೆ ಒಣಗಿದ ಅಂತ! ಈ ದರಿದ್ರ ಅಕ್ಷರ ಮಾಡಿದ್ದು ನೀವೇ ತಾನೆ?"

ಕಚೇರಿ ಗೊಳ್ಳೆಂದಿತು. ಭಾವನ ಮುಖ ಕೆಂಪೇರಿತು.

"ನನ್ನನ್ನ ಯಾಕೆ ಕೇಳ್ತೀರಿ? ಅಕ್ಷರ ಬರೆಯೋಳು ಇವಳು! ನನಗೆ ಒಂದು ಗೆರೆ ನೆಟ್ಟಗೆ ಎಳೆಯೋಕೂ ಬರಲ್ಲ!"

ನಗು ತಟ್ಟನೆ ನಿಂತಿತು. ಅವಳು ಈ ಮಾತಿಗೇ ಕಾದಿದ್ದಳು.

"ಹಾಗಾದ್ರೆ ಬಹುಮಾನ ಬಂದ ಅಕ್ಷರ ಯಾರದು ಭಾವ?"

ಭಾವನ ಕಣ್ಣು ಗೋಡೆಯ ಫಲಕದ ಕಡೆ ಹೋಯಿತು. ಉಪಸಂಪಾದಕರು ಮುಖಮುಖ ನೋಡಿಕೊಂಡರು. ವ್ಯಾಪಾರಿ ಕೂಡ ತನ್ನ ಸಿಟ್ಟು ಮರೆತು ಉತ್ತರಕ್ಕೆ ಕಾದ.

ಸಂಜೆಯೊಳಗೆ ಮಾತು ಊರೆಲ್ಲ ಹಬ್ಬಿತು. ಬಹುಮಾನ ಕೊಟ್ಟವರು ಫಲಕ ವಾಪಸು ಕೇಳಿದರು. ಅವಳು ಎದುರಾಳಿ ಪತ್ರಿಕೆಗೆ ಸೇರಿಕೊಂಡಳು.

ಅಕ್ಕ ಫೋನ್ ಮಾಡಿದಳು. "ಅವರು ಊಟ ಬಿಟ್ಟು ಕೂತಿದ್ದಾರೆ. ಬೀದಿಗೆ ಹೋದ್ರೆ ಎಲ್ಲರೂ 'ಒಣಗಿದ ವರ' ಅಂತಾರೆ. ಈಗ ತೃಪ್ತಿಯಾಯ್ತಾ ನಿನಗೆ?"

ಅವಳಿಗೆ ಅಕ್ಕನ ಬಗ್ಗೆ ಸಂಕಟವಾಯಿತು. ಭಾವನ ಬಗ್ಗೆ ಎಳ್ಳಷ್ಟೂ ಆಗಲಿಲ್ಲ.

"ಆಯ್ತು ಅಕ್ಕಾ," ಎಂದಳು. "ಹೊಟ್ಟೆ ತುಂಬಾ ಆಯ್ತು."