ನನ್ನ ಪದ ಯಾವ ಪುಟದಲ್ಲಿ

ಕುರುಗೋಡಿನ ಹೈಸ್ಕೂಲಿನಲ್ಲಿ ಕೊಟ್ಟೂರಪ್ಪ ಸರ್ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದರು. ಹತ್ತನೇ ಕ್ಲಾಸಿನ ಬೀಳ್ಕೊಡುಗೆಯ ದಿನ ಬೇರೆ ಮೇಷ್ಟ್ರುಗಳು ಪೆನ್ನು ಕೊಡುತ್ತಿದ್ದರು, ಇಲ್ಲವೇ ಉಪದೇಶ ಕೊಡುತ್ತಿದ್ದರು. ಇವರು ಒಬ್ಬೊಬ್ಬರಿಗೂ ಒಂದೊಂದು ಇಂಗ್ಲಿಷ್ ಪದ ಕೊಡುತ್ತಿದ್ದರು. ಹೆಸರು ಕರೆದು, ಎದ್ದು ನಿಲ್ಲಿಸಿ, ಪದ ಹೇಳಿ, ಆ ಪದವಿಟ್ಟು ನಿಂತವರ ಮೇಲೆ ಒಂದು ವಾಕ್ಯ ಹೇಳುವರು. ಒಬ್ಬರಿಗೆ ಕೊಟ್ಟ ಪದವನ್ನು ಇನ್ನೊಬ್ಬರಿಗೆ ಯಾವತ್ತೂ ಕೊಟ್ಟವರಲ್ಲ.

ನಗಬೇಡಿ. ನಮ್ಮ ಕಡೆ ಜನ ಈ ಪದಗಳನ್ನು ಜತನವಾಗಿ ಇಟ್ಟುಕೊಂಡಿದ್ದಾರೆ. ರಾಧಾಳಿಗೆ ‘ಚಿಯರ್‌ಫುಲ್’ ಸಿಕ್ಕಿತ್ತು. ಅತ್ತೆಮನೆಯಲ್ಲಿ ಎಷ್ಟೇ ಬೇಜಾರಾದರೂ ಪದದ ಮರ್ಯಾದೆಗಾದರೂ ನಗಬೇಕಾಗುತ್ತದೆ ಅನ್ನುತ್ತಾಳೆ. ರೂಪನಗುಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಜಂಬಣ್ಣನಿಗೆ ‘ಫ್ರುಗಲ್’. ಯಾರಾದರೂ ಅವನನ್ನು ಜಿಪುಣ ಅಂದರೆ, “ಜಿಪುಣ ಅಲ್ಲಪಾ, ಫ್ರುಗಲ್, ಹಿಡಿತದಾಗ ಖರ್ಚು ಮಾಡಾಂವ. ಅದರ ಅರ್ಥ ಬ್ಯಾರೆ ಐತಿ” ಎಂದು ವಾದಕ್ಕೆ ನಿಲ್ಲುತ್ತಾನೆ. ಸಿರುಗುಪ್ಪದಲ್ಲಿ ಶಾಲಾ ವ್ಯಾನು ಓಡಿಸುವ ಅಮರೇಶನಿಗೆ ‘ರಿಲಯಬಲ್’, ಅಂದರೆ ನಂಬಿಕಸ್ಥ. ಬೇರೆಯವರು ದೇವರ ಹೆಸರು ಬರೆಸುವ ಜಾಗದಲ್ಲಿ ಅವನು ಆ ಪದವನ್ನೇ ಕೆಂಪು ಅಕ್ಷರದಲ್ಲಿ ಬರೆಸಿದ್ದಾನೆ.

ಮೂವರೂ ನನ್ನ ಕ್ಲಾಸಿನವರು. ನನಗೊಬ್ಬಳಿಗೆ ಪದವಿಲ್ಲ.

ತಪ್ಪು ನನ್ನದೇ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ನಾನು ಬರೆದ ಪ್ರಬಂಧವನ್ನು ಸರ್ ಇಡೀ ಕ್ಲಾಸಿನ ಮುಂದೆ ಓದಿ, “ಇದರಾಗ ಅರುಣಾ ಎಲ್ಲಿ ಅದಾಳ? ಬರೇ ಗೈಡಿನ ಮಾತು ಐತಿ” ಎಂದಿದ್ದರು. ಎಲ್ಲರೂ ನಕ್ಕರು. ನಾನು ಚೀಲ ಎತ್ತಿಕೊಂಡು ಮನೆಗೆ ಬಂದವಳು ಆಮೇಲೆ ಪರೀಕ್ಷೆಗೆ ಮಾತ್ರ ಹೋದೆ. ಬೀಳ್ಕೊಡುಗೆಯ ದಿನ ಗೆಳತಿಯರು ಕರೆಯಲು ಬಂದಾಗ ಹೊಟ್ಟೆನೋವೆಂದು ಮುಸುಕು ಹಾಕಿಕೊಂಡು ಮಲಗಿದೆ. ಸಂಜೆ ರಾಧಾ ಬಂದು ಎಲ್ಲರ ಪದಗಳನ್ನೂ ಹೇಳಿದಳು. ನನ್ನದೇನು ಎಂದು ಕೇಳಲು ಬಾಯಿ ಬರಲಿಲ್ಲ. ಇಪ್ಪತ್ತೈದು ವರ್ಷ ಬರಲಿಲ್ಲ. ಯಾರಾದರೂ ತಮ್ಮ ಪದದ ಮಾತೆತ್ತಿದರೆ ಏನೋ ಕೆಲಸ ನೆನಪಾದವಳ ಹಾಗೆ ಎದ್ದು ಹೋಗುತ್ತಿದ್ದೆ.

ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಜೆರಾಕ್ಸ್ ತೆಗೆಯುತ್ತೇನೆ, ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಕೈ ಓಡುತ್ತದೆ. ಹೋದ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಸರ್ ಅಂಗಡಿಗೆ ಬಂದರು. ನಿವೃತ್ತರಾಗಿ ಆರು ವರ್ಷವಾಗಿದೆ, ಬೆನ್ನು ಸ್ವಲ್ಪ ಬಾಗಿದೆ, ಧ್ವನಿ ಮಾತ್ರ ಹಾಗೆಯೇ ಇದೆ. ಕೈಚೀಲದಿಂದ ಹನ್ನೊಂದು ನೋಟುಬುಕ್ಕು ತೆಗೆದು ಟೇಬಲ್ಲಿನ ಮೇಲಿಟ್ಟರು. ಮೂವತ್ತೊಂದು ವರ್ಷ ಕೊಟ್ಟ ಪದಗಳೆಲ್ಲ ವಾಕ್ಯಗಳ ಸಮೇತ ಅವುಗಳಲ್ಲಿದ್ದವು, ವರ್ಷದ ಲೆಕ್ಕವಿಲ್ಲದೆ, ಅಕ್ಷರಕ್ಕಿಷ್ಟು ಪುಟ ಎಂದು ಬರೆದವು. ಅವನ್ನು ಎ ಇಂದ ಝಡ್‌ವರೆಗೆ ಜೋಡಿಸಿ, ಮಕ್ಕಳು ಇಂಗ್ಲಿಷ್ ಕಲಿಯಲು ಪುಸ್ತಕ ಮಾಡಬೇಕಂತೆ.

“ಪ್ಯಾಟ್ಯಾಗ ಸಿಗೋ ಪುಸ್ತಕದಾಗ ಬರೇ ಜಾನು, ಮೇರಿ, ಹಿಮ ಬೀಳೋದು. ನಮ್ಮ ಹುಡುಗ್ರು ಹಿಮ ಎಲ್ಲಿ ನೋಡ್ಯಾರವಾ? ಪದದ ಹಿಂದ ಗುರ್ತಿನ ಮನಿಷಾ ಇದ್ರ ಪದ ಮರೆಯಂಗಿಲ್ಲ” ಎಂದರು.

“ಹೆಸರು ಹಾಕಿದ್ರ ಯಾರರ ಬೇಜಾರು ಮಾಡ್ಕೊಂಡಾರ್ರಿ ಸರ್.”

“ಎಲ್ಲಾರನೂ ಕೇಳೀನಿ. ಯಾರೂ ಬ್ಯಾಡ ಅಂದಿಲ್ಲ.”

ನನ್ನನ್ನು ಕೇಳಿರಲಿಲ್ಲ. ಟೈಪ್ ಮಾಡುವವಳು ಇವಳೇ ತಾನೆ, ತನ್ನ ಪದ ಬಂದಾಗ ತಾನೇ ನೋಡಿಕೊಳ್ಳುತ್ತಾಳೆ ಎಂದು ಸರ್ ಅಂದುಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬೀಳ್ಕೊಡುಗೆಗೆ ಹುಡುಗಿ ಬರದಿದ್ದರೂ ಅವಳ ಪದ ನೋಟುಬುಕ್ಕಿನಲ್ಲಿ ಇರಲೇಬೇಕಲ್ಲ.

ನಾಲ್ಕು ತಿಂಗಳು ಟೈಪ್ ಮಾಡಿದೆ. ಸಾವಿರದ ಇನ್ನೂರ ನಲವತ್ತು ಪದ. ಸರ್ ವಾಕ್ಯಗಳಿಗೆ ಒಂದು ನೇಮವಿತ್ತು: ಹನ್ನೆರಡು ಪದ ಮೀರಬಾರದು, ಒಂದು ವಾಕ್ಯದಲ್ಲಿ ಹೊಸ ಪದ ಒಂದೇ ಇರಬೇಕು, ಉಳಿದದ್ದೆಲ್ಲ ಮಕ್ಕಳಿಗೆ ಗೊತ್ತಿರುವುದೇ ಇರಬೇಕು. ಅವರೇ ಎಲ್ಲಾದರೂ ಈ ನೇಮ ಮುರಿದಿದ್ದರೆ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾ ಹೋದೆ. ಸುಳ್ಳೇಕೆ ಹೇಳಲಿ, ಆ ಕೆಲಸ ಮಾಡುವಾಗ ನಾನು ಖುಷಿಯಾಗಿದ್ದೆ. ಲಗ್ನಪತ್ರಿಕೆ ಟೈಪ್ ಮಾಡುವಾಗ ಓದದ ಕಣ್ಣು ಇಲ್ಲಿ ಪ್ರತಿ ಸಾಲನ್ನೂ ಎರಡೆರಡು ಸಲ ಓದುತ್ತಿತ್ತು. ಜೊತೆಗೆ ಪ್ರತಿ ಪುಟದಲ್ಲೂ ನನ್ನ ಹೆಸರು ಹುಡುಕುತ್ತಿತ್ತು. ‘ಎ’ಯಲ್ಲಿ ‘ಅಡಮಂಟ್’, ಅಂದರೆ ಹಟಮಾರಿ, ಬಂದಾಗ ಟೈಪಿಂಗ್ ನಿಲ್ಲಿಸಿ ಹೆಸರು ನೋಡಿದೆ. ಅದು ಯಾವುದೋ ವರ್ಷದ ವೀರಭದ್ರಮ್ಮನಿಗೆ ಹೋಗಿತ್ತು. ‘ಎಸ್’ನಲ್ಲಿ ‘ಸಲ್ಕಿ’ ಬಂದಾಗ ಇದು ನನ್ನದೇ ಎಂದು ಕಣ್ಣು ಮುಚ್ಚಿಕೊಂಡೆ. ಅದೂ ನಂದಿನಿ ಅನ್ನುವವಳದು. ಮುನಿಸಿನ ಪದವೂ ನನಗಿಲ್ಲವೇ ಎಂದು ಹೊಟ್ಟೆ ಉರಿಯಿತು.

ಝಡ್ ಮುಗಿಯಿತು. ನಾನು ಎಲ್ಲೂ ಇರಲಿಲ್ಲ.

ಸಿಟ್ಟು ನೆತ್ತಿಗೇರಿತು. ಇಪ್ಪತ್ತೈದು ವರ್ಷದ ಹಿಂದೆ ಕ್ಲಾಸಿನಿಂದ ಎದ್ದು ಬಂದಾಗಲೂ ಇಷ್ಟು ಬಂದಿರಲಿಲ್ಲ. ‘ಆರ್’ ಅಕ್ಷರಕ್ಕೆ ವಾಪಸ್ ಹೋದೆ. ಮಳೆ ಬಂದರೂ ಅಮರೇಶ ಹೇಳಿದ ಹೊತ್ತಿಗೆ ಬರುತ್ತಾನೆ, ಅವನು ರಿಲಯಬಲ್ ಎಂಬ ಅರ್ಥದ ವಾಕ್ಯವಿತ್ತು. ಅಮರೇಶನನ್ನು ಅಳಿಸಿ ಅರುಣಾ ಎಂದು ಹೊಡೆದೆ. ‘ಹಿ’ ಇದ್ದದ್ದನ್ನು ‘ಶಿ’ ಮಾಡಿದೆ. ಪುಸ್ತಕದಲ್ಲಿ ನನ್ನ ಹೆಸರು ಚೆನ್ನಾಗಿಯೇ ಕಾಣಿಸಿತು. ಅಂಗಡಿ ಮುಚ್ಚಿ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ.

ಮುಂದಿನ ಸೋಮವಾರ ಸರ್ ಪ್ರೂಫ್ ನೋಡಲು ಕುರುಗೋಡಿನಿಂದ ಮೊದಲ ಬಸ್ಸಿಗೇ ಬಂದರು. ಜೆರಾಕ್ಸ್ ಮಶೀನಿನ ಪಕ್ಕ ಕುರ್ಚಿ ಹಾಕಿಕೊಂಡು ಒಂದೊಂದೇ ಹಾಳೆ ಓದಿ ಮಗುಚಿಡುತ್ತಿದ್ದರು. ಮಧ್ಯಾಹ್ನ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದೆ. ತಿಂದು, ಕೈ ತೊಳೆದುಕೊಂಡು ಮತ್ತೆ ಕೂತರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಮರೇಶ.

“ಅರುಣಾ, ನನ್ನ ಪದ ಎಷ್ಟನೇ ಪುಟದಾಗ ಐತಿ? ಮಗಳು ಸಾಲ್ಯಾಗ ಎಲ್ಲಾರಿಗೂ ಹೇಳಿಬಿಟ್ಟಾಳ, ನಮ್ಮಪ್ಪನ ಹೆಸರು ಇಂಗ್ಲಿಷ್ ಪುಸ್ತಕದಾಗ ಬರ್ತೈತಿ ಅಂತ. ಪುಟದ ನಂಬರು ಬೇಕಂತ ಆಕಿಗೆ.”

“ನೋಡಿ ಹೇಳ್ತೀನಿ” ಎಂದು ಫೋನಿಟ್ಟೆ.

ನನ್ನ ಮುಖ ನನಗೇ ಬೇಡವಾಯಿತು. ಬೇರೆ ಪದ ಕದ್ದಿದ್ದರೂ ಒಂದು ಮಾತು. ನಂಬಿಕಸ್ಥನ ಪದವನ್ನು ಬೆನ್ನ ಹಿಂದೆ ಕದ್ದು ನಂಬಿಕಸ್ಥೆ ಅನ್ನಿಸಿಕೊಳ್ಳಲು ಹೊರಟಿದ್ದೆ. ಸರ್ ಹತ್ತಿರ ಹೋದೆ. ಅವರು ಆಗಲೇ ‘ಯು’ ಓದುತ್ತಿದ್ದರು.

“ಸರ್, ‘ಆರ್’ನಾಗ ನಾ ಒಂದು ತಪ್ಪು ಮಾಡೀನ್ರಿ.”

“ನೋಡೀನಿ” ಎಂದರು, ಹಾಳೆಯಿಂದ ತಲೆ ಎತ್ತದೆ.

“ನೋಡಿದ್ರೂ ತಿದ್ದಲಿಲ್ಲರಿ?”

“ಇಷ್ಟು ಪುಟದಾಗ ಒಂದು ಅಕ್ಷರ ತಪ್ಪದಾಕಿ ಅದೊಂದ ಹೆಸರು ತಪ್ಪಿಸ್ಯಾಳ ಅಂದ್ರ, ಏನೋ ಕೇಳಾಕತ್ಯಾಳ ಅನಿಸ್ತು. ಬಾಯಿಬಿಟ್ಟು ಕೇಳ್ಲಿ ಅಂತ ಕುಂತೀನಿ.”

ಇಪ್ಪತ್ತೈದು ವರ್ಷದ ಮಾತು ಒಂದೇ ಸಲಕ್ಕೆ ಬಾಯಿಗೆ ಬಂದಿತು. “ನನಗ್ಯಾಕ ಪದ ಇಲ್ರಿ ಸರ್?” ಎಂದೆ. ಅಳು ಬಂದೇಬಿಟ್ಟಿತು. ಆಧಾರ್ ಕಾರ್ಡಿನ ಜೆರಾಕ್ಸಿಗೆ ನಿಂತಿದ್ದ ಹಿರಿಯರೊಬ್ಬರು ಪಾಪ, ಬೇರೆ ಕಡೆ ನೋಡಿದರು.

ಸರ್ ಕನ್ನಡಕ ತೆಗೆದರು. “ಎದ್ದು ನಿಂತವರಿಗೆ ಕೊಡೋದವಾ ಅದು. ಕುಂತು ಬರಕೊಳ್ಳೋದಲ್ಲ. ಆವತ್ತು ನಿನ್ನ ಹೆಸರು ಕರದೆ. ಎರಡು ಸಲ ಕರದೆ.”

ಇದು ನನಗೆ ಗೊತ್ತಿರಲಿಲ್ಲ. ರಾಧಾ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ.

“ಆವತ್ತು ಏನು ಕೊಡೋರಿದ್ರಿ?”

“‘ಟಚಿ’. ಮುಟ್ಟಿದ್ರ ಸಿಡಿಯಾಕಿ ಅಂತ. ನೀ ಬರದಿದ್ದದ್ದ ಛಲೋ ಆತು. ಮನಿಗೆ ಹೋಗಿ ಆ ಚೀಟಿ ಹರದು ಹಾಕಿದೆ.” ನನಗೆ ಅಳುವಿನ ನಡುವೆಯೇ ನಗು ಬಂದಿತು. ಅವರು ನಗಲಿಲ್ಲ. “ಆ ಪ್ರಬಂಧ ಎಲ್ಲಾರ ಮುಂದ ಓದಬಾರದಿತ್ತು. ಅದು ನನ್ನ ತಪ್ಪು. ಆಮ್ಯಾಲ ಯಾರದೂ ಹಂಗ ಓದಲಿಲ್ಲ ನಾನು. ಮೊದಲ ಅಮರೇಶಂದು ಅವಗ ಕೊಡು.”

ಹೋಗಿ ಹೆಸರು ಸರಿಪಡಿಸಿದೆ. ಅಮರೇಶನಿಗೆ ಫೋನು ಮಾಡಿ ನೂರ ಮೂವತ್ತೆರಡನೇ ಪುಟ ಎಂದೆ. ಅವನು ಮಗಳಿಗೆ ಕೂಗಿ ಹೇಳುವುದು ಕೇಳಿಸಿತು. ವಾಪಸ್ ಬರುವಷ್ಟರಲ್ಲಿ ಸರ್ ತಮ್ಮ ನೋಟುಬುಕ್ಕುಗಳನ್ನು ಬಿಚ್ಚಿ ನನ್ನ ಪೆನ್ಸಿಲ್ ಗುರುತುಗಳನ್ನು ಎಣಿಸುತ್ತಿದ್ದರು.

“ನಲವತ್ತಾರು. ನಲವತ್ತಾರು ಕಡೆ ನನ್ನ ನೇಮ ನಾನ ಮುರದೀನಿ, ಮೂವತ್ತೊಂದು ವರ್ಷ ಒಬ್ರೂ ಹೇಳಿರಲಿಲ್ಲ” ಎಂದರು. ಬೆನ್ನು ನೆಟ್ಟಗೆ ಮಾಡಿಕೊಂಡರು. “ಎದ್ದು ನಿಂತ್ಕೋ ಅರುಣಾ.”

ನಾನು ನಿಂತೇ ಇದ್ದೆ. ಆದರೂ ಸೆರಗು ಸರಿಮಾಡಿಕೊಂಡು, ಕೈ ಕಟ್ಟಿಕೊಂಡು ಇನ್ನೊಮ್ಮೆ ನಿಂತೆ.

“ಥರೋ. ಪೂರಾ, ಏನೂ ಬಿಡದಂಗ ಕೆಲಸ ಮಾಡಾಕಿ. ಇದನ್ನ ಯಾರಿಗೂ ಕೊಟ್ಟಿರಲಿಲ್ಲ. ಅದಕ್ಕ ತಕ್ಕೋರು ಸಿಕ್ಕಿರಲಿಲ್ಲ.” ಆಮೇಲೆ ವಾಕ್ಯವನ್ನು ಇಂಗ್ಲಿಷಿನಲ್ಲಿ, ಕ್ಲಾಸಿನ ಧ್ವನಿಯಲ್ಲಿ ಹೇಳಿದರು. ಅರುಣಾ ಓದಿದ ಪುಟವನ್ನು ಇನ್ನೊಬ್ಬರು ಓದಬೇಕಾಗಿಲ್ಲ, ಅವಳು ಥರೋ ಎಂದು ಅದರ ಅರ್ಥ. ಬೆರಳಿನಲ್ಲಿ ಎಣಿಸಿದೆ. ಹನ್ನೆರಡು ಪದ ಮೀರಿರಲಿಲ್ಲ, ಹೊಸ ಪದ ಒಂದೇ ಇತ್ತು.

ಜೆರಾಕ್ಸಿನ ಹಿರಿಯರು, “ಆತೇನ್ರಿ ಅಕ್ಕಾರ, ಬಸ್ಸು ಹೋಗ್ತೈತಿ” ಎಂದರು. ಎರಡು ನಿಮಿಷ ತಡೀರಿ ಎಂದೆ. ಸರ್ ಕುಂತ್ಕೋ ಅನ್ನುವವರೆಗೂ ನಾನು ನಿಂತ ಜಾಗ ಬಿಟ್ಟು ಕದಲಲಿಲ್ಲ.