ಬಾಬು ಸಾಬರು ಆಡಿದ ಮಾತು

ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಆಗ ಗ್ಯಾರೇಜುಗಳದೇ ಸಾಲಿತ್ತು. ಪುರಸಭೆಯ ಜಾಗ, ತಗಡಿನ ಶೆಡ್ಡುಗಳು. ಮೊದಲನೆಯದು ಬಾಬು ಸಾಬರದು, ಅದರ ಪಕ್ಕದ್ದು ವೆಲ್ಡಿಂಗ್ ಪಾತಣ್ಣನದು. ಪರಶುರಾಂಪುರದ ಕಡೆಯ ಟ್ರ್ಯಾಕ್ಟರುಗಳೆಲ್ಲ ರಿಪೇರಿಗೆ ಸಾಬರ ಬಳಿಗೇ ಬರುತ್ತಿದ್ದವು.

ದುರುಗೇಶ್ ಕೂಡ ಆ ಕಡೆಯವನೇ. ಐಟಿಐ ಓದಲು ಬಂದು, ಅರ್ಧಕ್ಕೆ ಬಿಟ್ಟು, ಸಾಬರ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತ. ಕೆಲಸಕ್ಕಿಂತ ಮಾತಿನಲ್ಲಿ ಚುರುಕು. ಮಧ್ಯಾಹ್ನದ ಊಟ ಸಾಬರ ಮನೆಯಲ್ಲೇ. ಅವರ ಹೆಂಡತಿ ಹಜರಾ ಬೀ ಮಗ ಅಸ್ಲಂನ ಪಕ್ಕದಲ್ಲೇ ಅವನನ್ನೂ ಕೂರಿಸಿ ಬಡಿಸುತ್ತಿದ್ದರು. ಅವನು ಅವರಿಬ್ಬರನ್ನೂ ಚಾಚಾ, ಚಾಚಿ ಎನ್ನುತ್ತಿದ್ದ. ಸಾಬರಿಗೆ ಅವನು ‘ಲೇ ದುರ್ಗಾ’.

ಊರಿಗೆ ಕೇಬಲ್ ಟಿವಿ ಬಂದಾಗ ಅಸ್ಲಂ, ದುರುಗೇಶ್ ಇಬ್ಬರೂ ಸೇರಿ ಸಾಬರ ಮನೆಯ ಮಾಳಿಗೆ ಮೇಲೆ ಡಿಶ್ ಕೂರಿಸಿದರು. ಕಂಬ ಹತ್ತಿ ವೈರ್ ಎಳೆಯುವುದು ಅಸ್ಲಂನ ಕೆಲಸ, ಮನೆಮನೆಗೆ ಹೋಗಿ ಗಿರಾಕಿ ಹಿಡಿಯುವುದು ದುರುಗೇಶನದು. ಲೈಸೆನ್ಸ್ ಅವನ ಹೆಸರಿನಲ್ಲಾಯಿತು. ಕಚೇರಿ ಅಲೆಯುವ ತಾಳ್ಮೆ ಅಸ್ಲಂಗೆ ಇರಲಿಲ್ಲ, ಹೆಸರು ಯಾರದಾದರೇನು ಎಂದುಕೊಂಡಿದ್ದ.

ಬಿಡುವಿದ್ದಾಗ ಮಾಳಿಗೆಯ ಕೋಣೆಯಲ್ಲಿ ಕೂತು ಇಬ್ಬರೂ ಸಿನಿಮಾ ನೋಡುತ್ತಿದ್ದರು. ಒಮ್ಮೆ ಹಳೆಯದೊಂದು ಕಪ್ಪುಬಿಳುಪಿನ ಇಂಗ್ಲಿಷ್ ಪಿಕ್ಚರ್ ಬಂತು. ಏನೂ ಇಲ್ಲದವನೊಬ್ಬ ಮೇಲೇರಿ ಇಡೀ ಊರನ್ನು ಕೈಗೆ ತೆಗೆದುಕೊಳ್ಳುವ ಕಥೆ. ಕೊನೆಯಲ್ಲಿ ಅವನನ್ನು ಮಾತಾಡಿಸುವವರೂ ಇರುವುದಿಲ್ಲ. ಭಾಷೆ ಪೂರ್ತಿ ತಿಳಿಯದಿದ್ದರೂ ಅಸ್ಲಂಗೆ ಆ ಮನುಷ್ಯನ ಮೇಲೆ ಮರುಕ ಬಂತು. ದುರುಗೇಶ್ ಮಾತ್ರ, ಎಷ್ಟು ದೊಡ್ಡೋನಾದ ನೋಡು ಎಂದು ವಾರವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಸಂಜೆ ಹೊತ್ತು ಊರಿನ ಸುದ್ದಿ ಹಾಕೋಣ ಎಂದದ್ದು ಅವನೇ. ಮದುವೆಗಳಲ್ಲಿ ವಿಡಿಯೋ ತೆಗೆಯುವವರ ಹಳೆಯ ಕ್ಯಾಮೆರಾ ಒಂದು ಸಿಕ್ಕಿತು. ನಲ್ಲಿಗೆ ನೀರು ಯಾವಾಗ, ಈರುಳ್ಳಿ ರೇಟು ಎಷ್ಟು, ಯಾವ ರಸ್ತೆ ಕಿತ್ತುಹೋಗಿದೆ ಎಂದು ಅವನು ಮೈಕ್ ಹಿಡಿದು ಹೇಳುತ್ತಿದ್ದ, ಅಸ್ಲಂ ಕ್ಯಾಮೆರಾ ಹಿಡಿಯುತ್ತಿದ್ದ. ಜನಕ್ಕೆ ಹುಚ್ಚು ಹಿಡಿಯಿತು. ಹೋಟೆಲಿನಲ್ಲಿ ದುರುಗೇಶ್ ಕಂಡರೆ ಎದ್ದು ಜಾಗ ಕೊಡತೊಡಗಿದರು. ಎಣ್ಣೆ ಮಿಲ್ಲಿನ ದೊಡ್ಡೀರಪ್ಪ ಕೂಡ ಕಾರು ನಿಲ್ಲಿಸಿ ಮಾತಾಡಿಸಿದ.

ದೊಡ್ಡೀರಪ್ಪನ ಕಣ್ಣು ಗ್ಯಾರೇಜು ಸಾಲಿನ ಮೇಲಿತ್ತು. ಅಲ್ಲಿ ದೊಡ್ಡ ಅಂಗಡಿ ಸಮುಚ್ಚಯ ಎಬ್ಬಿಸಬೇಕೆಂದು ಪುರಸಭೆಯಲ್ಲಿ ಓಡಾಡುತ್ತಿದ್ದ. ಮೆಕ್ಯಾನಿಕ್ಕುಗಳೆಲ್ಲ ಒಟ್ಟಾಗಿದ್ದುದರಿಂದ ಅದು ಮುಂದೆ ಸಾಗಿರಲಿಲ್ಲ. ಪುರಸಭೆ ಚುನಾವಣೆ ಹತ್ತಿರ ಬಂದಿತ್ತು. ಟಿಕೆಟ್ ಯಾರಿಗೆ ಎಂಬುದು ದೊಡ್ಡೀರಪ್ಪನ ಮಾತಿನ ಮೇಲೆ ನಿಂತಿದೆ ಎಂದು ಊರಿಗೆಲ್ಲ ಗೊತ್ತಿತ್ತು.

ಒಂದು ಬೆಳಿಗ್ಗೆ ದುರುಗೇಶ್ ಶೆಡ್ಡಿಗೆ ಬಂದು, ಚಾಚಾ, ನಿಮ್ಮ ಕಡೆಯ ಮಾತೂ ಜನಕ್ಕೆ ತಿಳೀಬೇಕು ಎಂದ. ಸಾಬರು ಕೈಯ ಗ್ರೀಸ್ ಒರೆಸಿಕೊಂಡು, ಟೋಪಿ ಸರಿ ಮಾಡಿಕೊಂಡು ಸ್ಟೂಲಿನ ಮೇಲೆ ಕೂತರು. ಅಸ್ಲಂ ಕ್ಯಾಮೆರಾ ಹಿಡಿದ. ಊರಿನ ಒಳ್ಳೆಯದಕ್ಕೆ ಈ ಜಾಗ ಬಿಡುತ್ತೀರಾ ಎಂದು ದುರುಗೇಶ್ ಕೇಳಿದ.

“ಊರಿಗೆ ಒಳ್ಳೇದಾಗ್ತೈತೆ ಅಂದ್ರೆ ನಾವ್ಯಾಕೆ ಅಡ್ಡ ಬರ್ತೀವಿ? ಬಿಟ್ಟುಕೊಡ್ತೀವಿ. ಆದ್ರೆ ಮೊದ್ಲು ನಮ್ಮೆಲ್ರಿಗೂ ಬೇರೆ ಜಾಗ ತೋರಿಸ್ಬೇಕು. ಅಲ್ಲೀತನಕ ಈ ಸಾಲಿನಾಗೆ ಒಬ್ನೂ ಕದಲಲ್ಲ,” ಎಂದರು ಸಾಬರು.

ಚೆನ್ನಾಗಿ ಹೇಳಿದಿರಿ ಎಂದ ದುರುಗೇಶ್. ಅವತ್ತೇ ಅಸ್ಲಂನನ್ನು ಮೊಳಕಾಲ್ಮುರಿಗೆ ಕಳಿಸಿದ. ಅಲ್ಲಿ ಸೀರೆ ನೇಯುವವರ ಬೀದಿಗಳಿಗೂ ಕೇಬಲ್ ಎಳೆಯೋಣ, ನೀನೇ ಹೋಗಿ ಕಂಬ ನೋಡಿಕೊಂಡು ಬಾ ಎಂದ.

ಅಸ್ಲಂ ಮರುದಿನ ಬಸ್ಸಿಳಿದು ಬಂದಾಗ ಗ್ಯಾರೇಜು ಸಾಲಿನಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ. ಪಾತಣ್ಣ ಮುಖ ತಿರುಗಿಸಿ ಒಳಗೆ ಹೋದ. ವಿಷಯ ಹೇಳಿದ್ದು ಚಹಾದಂಗಡಿಯವನು. ಹಿಂದಿನ ಸಂಜೆ ಇಡೀ ಊರು ಬಾಬು ಸಾಬರನ್ನು ಟಿವಿಯಲ್ಲಿ ನೋಡಿತ್ತು. ‘ಬಿಟ್ಟುಕೊಡ್ತೀವಿ’ ಎಂಬಲ್ಲಿಗೆ ಅವರ ಮಾತು ನಿಂತಿತ್ತು. ಅದರ ಬೆನ್ನಿಗೇ ದೊಡ್ಡೀರಪ್ಪ ಕಾಣಿಸಿಕೊಂಡು, ಸಾಲಿನ ಹಿರಿಯರೇ ಒಪ್ಪಿದ್ದಾರೆ ಎಂದು ಕೈಮುಗಿದಿದ್ದ.

ಅಸ್ಲಂ ಮಾಳಿಗೆ ಹತ್ತಿದ. ದುರುಗೇಶ್ ಎರಡು ವಿಸಿಆರ್‌ಗಳ ನಡುವೆ ಕೂತಿದ್ದ. ಪೂರ್ತಿ ಕ್ಯಾಸೆಟ್ ಎಲ್ಲಿ ಎಂದು ಅಸ್ಲಂ ಕೇಳಿದ. ಅದರ ಮೇಲೆ ಬೇರೆ ಏನೋ ರೆಕಾರ್ಡ್ ಆಗಿತ್ತು.

“ನಿಮ್ಮಪ್ಪ ಹೇಳಿದ್ದನ್ನೇ ಹಾಕಿದೀನಿ ಕಣೋ. ನನ್ನ ಕಡೆಯಿಂದ ಒಂದಕ್ಷರ ಸೇರಿಸಿಲ್ಲ.”

“ನಮ್ಮನೇಲಿ ಕೂತ್ಕಂಡು ಈ ಕೆಲಸ ಮಾಡಿದ್ಯಲ್ಲೋ ಲೇ.”

ದುರುಗೇಶ್ ವಿಸಿಆರ್ ಕಡೆಗೆ ತಿರುಗಿ ಇನ್ನೊಂದು ಕ್ಯಾಸೆಟ್ ಹಾಕಿದ. ಅದೇ ವಾರ ಡಿಶ್ಶು, ವಿಸಿಆರ್ ಎಲ್ಲವನ್ನೂ ದೊಡ್ಡೀರಪ್ಪನ ಕಟ್ಟಡಕ್ಕೆ ಸಾಗಿಸಿದ.

ಅಸ್ಲಂ ಒಂದೊಂದೇ ಶೆಡ್ಡಿಗೆ ಹೋಗಿ ನಡೆದದ್ದನ್ನು ಹೇಳಿದ. ಕ್ಯಾಮೆರಾ ನಿನ್ನ ಕೈಯಲ್ಲೇ ಇತ್ತಲ್ಲ ಎಂದು ಪಾತಣ್ಣ ಕೇಳಿದ. ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. ಸಾಬರು ಒಳಗೊಳಗೇ ಏನೋ ಪಡೆದಿದ್ದಾರೆ ಎಂಬ ಮಾತು ಬಲಿಯಿತು. ಒಗ್ಗಟ್ಟು ಮುರಿದ ಮೇಲೆ ಒಬ್ಬೊಬ್ಬರೇ ಜಾಗ ಬಿಡುವ ಪತ್ರಕ್ಕೆ ಸಹಿ ಹಾಕಿದರು. ಜೆಸಿಬಿ ಬಂದ ದಿನ ಸಾಬರು ಹತಾರಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೊರಗೆ ನಿಂತರು. ನೆರೆಯವರು ಯಾರೂ ಅವರ ಪಕ್ಕಕ್ಕೆ ಬರಲಿಲ್ಲ.

ದೊಡ್ಡೀರಪ್ಪ ಕೊಡಿಸಿದ ಟಿಕೆಟ್ಟಿನಲ್ಲಿ ನಿಂತು ದುರುಗೇಶ್ ಪುರಸಭೆ ಚುನಾವಣೆ ಗೆದ್ದ. ಆ ವರ್ಷದ ರಂಜಾನ್ ಹಬ್ಬಕ್ಕೆ ಬಿಳಿ ಅಂಗಿ ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು, ಏನೂ ಆಗಿಲ್ಲವೆಂಬಂತೆ ಮನೆಗೆ ಬಂದ. ಅಸ್ಲಂ ಎದ್ದು ನಿಂತ. ಸಾಬರು ಕಣ್ಣಿನಲ್ಲೇ ಮಗನನ್ನು ತಡೆದರು. ಹಜರಾ ಬೀ ಹಬ್ಬದ ಶಾವಿಗೆ ಪಾಯಸ ಸುರ್‌ಕುರ್ಮಾದ ಬಟ್ಟಲು ತಂದಿಟ್ಟು, ಅವನ ಮುಖ ನೋಡದೆ ಒಳಗೆ ಹೋದರು.

“ಕೂತ್ಕೊಳ್ರಿ ಮೆಂಬರ್ ಸಾಹೇಬ್ರೆ,” ಎಂದರು ಸಾಬರು.

ಅವನು ಚಮಚ ಹಿಡಿದವನು ತಲೆ ಎತ್ತಿದ. ನನಗ್ಯಾಕೆ ಬಹುವಚನ ಚಾಚಾ ಎಂದು ನಕ್ಕ. ಸಾಬರು ನಗಲಿಲ್ಲ.

“ಅವತ್ತು ನಾನು ಇನ್ನೊಂದು ಮಾತೂ ಹೇಳಿದ್ದೆ. ನೆನಪೈತೇನ್ರಿ?”

“ಇಲ್ಲ ಚಾಚಾ. ನೀವು ಅಷ್ಟೇ ಹೇಳಿದ್ದು.”

ಅವನ ದನಿ ಅಳುಕಲಿಲ್ಲ, ಕಣ್ಣು ಕೆಳಗಾಗಲಿಲ್ಲ. ಅಸ್ಲಂಗೆ ಅವನು ಎಂದಾದರೂ ತಪ್ಪೊಪ್ಪಿಕೊಂಡಾನು ಎಂಬ ಆಸೆಯೊಂದು ಮನಸ್ಸಿನ ಮೂಲೆಯಲ್ಲಿತ್ತು. ಅದು ಆಗ ಹೋಯಿತು. ದುರುಗೇಶ್ ಸುಳ್ಳು ಹೇಳುತ್ತಿರಲಿಲ್ಲ, ತಾನು ತೋರಿಸಿದ್ದನ್ನು ತಾನೇ ನಂಬಿಬಿಟ್ಟಿದ್ದ.

ಸಾಬರು ಮೊಳಕಾಲ್ಮುರಿನಲ್ಲಿ ರಸ್ತೆ ಬದಿಗೆ ಹೊಸ ಗ್ಯಾರೇಜು ಹಾಕಿದರು. ಅಸ್ಲಂ ಕೇಬಲ್ ಬಿಟ್ಟು ಅಪ್ಪನ ಜೊತೆ ನಿಂತ. ಗಿರಾಕಿಗಳು ಹೆಚ್ಚಾಗಿ ತೆಲುಗಿನವರು. ಆ ವಯಸ್ಸಿನಲ್ಲಿ ಸಾಬರು ತೆಲುಗು ಕಲಿತರು.

ಕೆಲವು ವರ್ಷಗಳ ನಂತರ ಪಾತಣ್ಣ ಯಾವುದೋ ಗೇಟಿನ ಕೆಲಸಕ್ಕೆ ಆ ಊರಿಗೆ ಬಂದವನು ಗ್ಯಾರೇಜಿನ ಮುಂದೆ ನಿಂತ. ಸಾಬರು ಚಹಾ ತರಿಸಿದರು. ಬಹಳ ಹೊತ್ತು ಅದೂ ಇದೂ ಮಾತಾಡಿದ ಮೇಲೆ ಪಾತಣ್ಣ ಕೇಳಿದ.

“ಸಾಬ್ರೆ, ಅವತ್ತು ನಿಜವಾಗ್ಲೂ ಏನಂದ್ರಿ ನೀವು?”

ಸಾಬರು ಮೊದಲಿನಿಂದ ಕೊನೆಯವರೆಗೆ, ಅಂದು ಆಡಿದ ಹಾಗೆಯೇ ಹೇಳಿದರು. ಪಾತಣ್ಣ ತಲೆ ತಗ್ಗಿಸಿಕೊಂಡು ಕೇಳಿದ, ಉಳಿದ ಚಹಾ ಕುಡಿದು ಲೋಟ ಕೆಳಗಿಟ್ಟ.

“ಇರಬೌದು,” ಎಂದು ಎದ್ದು, ಬಸ್ಸಿಗೆ ಹೊತ್ತಾಯಿತೆಂದು ಹೊರಟ.