ಉದುರುಕಾಳು

“ಉಡಿ ಬಿಚ್ಚ, ಕಳ್ಳ ರಂಡೆ! ಎಲ್ಲಾರೂ ನೋಡ್ಲಿ!”

ಗುತ್ತಿಗೆದಾರ ಬಸವಲಿಂಗ ಗೂಡ್ಸ್ ಶೆಡ್ಡಿನ ಗೇಟಿನಲ್ಲಿ ದೇವಕ್ಕನಿಗೆ ಅಡ್ಡ ನಿಂತಿದ್ದ. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಟ್ಟಳು. ಒಂದಿಷ್ಟು ಗೋದಿ, ಅದಕ್ಕಿಂತ ಹೆಚ್ಚು ಧೂಳು, ಅವನ ಹೊಸ ಬೂಟಿನ ಮೇಲೆ ಸುರಿಯಿತು.

“ಇದು ಉದುರುಕಾಳ್ರಿ ಸಾವ್ಕಾರ್ರ. ನಮ್ಮತ್ತಿ ಕಾಲದಿಂದ್ಲೂ ಕಸಾ ಹೊಡದಾಕೀದು.”

“ನಿಮ್ಮತ್ತೀನೂ ಕಳ್ಳೀನ. ಇವತ್ತಿನಿಂದ ವ್ಯಾಗನ್ನಾಗ ಬಿದ್ದ ಕಾಳೆಲ್ಲಾ ನಂದು. ಯಾರ ಸೀರ್ಯಾಗರ ಒಂದ ಕಾಳ ಸಿಗ್ಲಿ, ಪೊಲೀಸರಿಗೆ ಹಿಡದ ಕೊಡ್ತೇನಿ.”

ಗಂಡಸರು ಚೀಲ ಇಳಿಸುವುದು, ಹೆಂಗಸರು ಖಾಲಿಯಾದ ವ್ಯಾಗನ್ನಿನ ಕಸ ಹೊಡೆಯುವುದು, ಹಮಾಲರ ಕೊಕ್ಕೆಗೆ ಹರಿದ ಚೀಲಗಳಿಂದ ಉದುರಿದ್ದು ಕಸ ಹೊಡೆದವಳ ಉಡಿಗೆ: ಇದು ಉಗಿಬಂಡಿಯ ಕಾಲದಿಂದ ಬಂದ ಪದ್ಧತಿ. ದೇವಕ್ಕನ ಮಗಳು ಅನ್ನಪೂರ್ಣಾ ಹಡೆದು ಮಲಗಿದ್ದಳು. ಈ ಗೋದಿಯನ್ನು ಕೇರಿ, ತೊಳೆದು, ಕುಟ್ಟಿ ಹುಗ್ಗಿ ಮಾಡಿದರೆ ಬಾಣಂತಿಗೆ ಹಾಲು, ಇಲ್ಲವಾದರೆ ಕೂಸಿಗೆ ಬರೀ ಅಳು.

ಬಸವಲಿಂಗನಿಗೆ ಅಂದು ಜಗಳ ಮಾಡಲು ಪುರುಸೊತ್ತಿರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಶಾಮಿಯಾನ ಎದ್ದಿತ್ತು. ಈ ಭಾಗದ ಗೂಡ್ಸ್ ಗಾಡಿಗಳ ಇತಿಹಾಸದ ಬಗ್ಗೆ ಸಭೆ, ಖರ್ಚು ಅವನದೇ. ಬೈಲಹೊಂಗಲಕ್ಕೆ, ಸವದತ್ತಿಗೆ, ರಾಮದುರ್ಗಕ್ಕೆ ರೈಲು ಇನ್ನೂ ಭಾಷಣಗಳಲ್ಲಷ್ಟೇ ಓಡುತ್ತಿತ್ತು. ಹಾಗಾಗಿ ದೇವಕ್ಕನಂಥ ಸಂಗೊಳ್ಳಿಯ ಹೆಂಗಸರೇ ಟಂಟಂ ರಿಕ್ಷಾ ಹತ್ತಿ ಅಷ್ಟು ದೂರದಿಂದ ರೈಲಿದ್ದಲ್ಲಿಗೆ ಬರುತ್ತಿದ್ದರು.

“ಶೆಡ್ಡಿನ ಹಿಂದ ಹೋಗಿ ಕುಂದರ್ರಿ. ಆ ಧೂಳ ಮಾರಿ ತಗೊಂಡ ಫೋಟೋದಾಗ ಬಂದೀರಿ ಮತ್ತ!” ಎಂದು ಬಸವಲಿಂಗ ಅವರನ್ನು ಅಟ್ಟಿದ. ಅರ್ಧ ವ್ಯಾಗನ್ನುಗಳ ಕಸ ಹಾಗೆಯೇ ಉಳಿಯಿತು.

ಫೋಟೋಕ್ಕೆಂದು ಕಾಲೇಜಿನ ಹುಡುಗಿಯರು ಬಂದಿದ್ದರು. ಇಳಕಲ್ ಸೀರೆ, ಕೈಯಲ್ಲಿ ದಾರ ಕೂಡ ಬಿಚ್ಚದ ಹೊಸ ಕಸಬರಿಗೆ. ಮೈಕಿನಲ್ಲಿ ಅವರನ್ನು ‘ಶ್ರಮಜೀವಿಗಳು’ ಎಂದು ಪರಿಚಯಿಸಿದರು. ಹಿಂದಿನಿಂದ ಇಣುಕಿದ ಮುದುಕಿ ಸಾವಿತ್ರೆವ್ವ ದೇವಕ್ಕನ ಪಕ್ಕೆ ತಿವಿದಳು.

“ಯವ್ವಾ ದೇವಕ್ಕಾ, ಅಲ್ನೋಡ, ಅಕಿ ನೀನಂತ! ಪೌಡರ ಹಚಗೊಂಡ ಎಷ್ಟ ಚಂದ ಕಾಣಾಕ್ಹತ್ತೀದಿ!”

“ಸುಮ್ನಿರ ಎವ್ವಾ. ಅಲ್ನೋಡ, ಕಸಬರಿಗೀನ ತಲಿಕೆಳಗ ಹಿಡದೀನಿ.”

ನಿವೃತ್ತ ಮಾಸ್ತರ ವೆಂಕಣ್ಣ ಇತಿಹಾಸ ಓದಿದರು. ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂತು. ಉಗಿ ಹೋಗಿ ಡೀಸೆಲ್, ಡೀಸೆಲ್ ಹೋಗಿ ಕರೆಂಟು. ಗಾಡಿಗಳು ಹತ್ತಿ ಸಾಗಿಸಿದವು, ಬೆಲ್ಲ ಸಾಗಿಸಿದವು. ಹಳೆಯ ಸಾಹೇಬನೊಬ್ಬನ ನಾಯಿಯ ಹೆಸರೂ ಅದರಲ್ಲಿತ್ತು. ಚೀಲಗಳು ಮಾತ್ರ ತಾವೇ ನಡೆದು ಬಂದು ವ್ಯಾಗನ್ ಹತ್ತಿದ್ದವು.

ಕೊನೆಗೆ ಮುಖ್ಯ ಅತಿಥಿಗಳು ಬೆಳ್ಳಿಯ ಕೊಕ್ಕೆಯಿಂದ ಗೋದಿಯ ಚೀಲವೊಂದನ್ನು ಸೀಳಿದರು. ಕಾಳು ರಾಶಿಯಾಗಿ ಕೆಂಪು ಜಮಖಾನೆಯ ಮೇಲೆ ಚೆಲ್ಲಿತು. ಚಪ್ಪಾಳೆ. ಬೂಟುಗಳು ಅದನ್ನು ತುಳಿಯುತ್ತ ಊಟದ ಕಡೆ ನಡೆದವು.

ಅಷ್ಟರಲ್ಲಿ ಖಾಲಿ ವ್ಯಾಗನ್ನುಗಳನ್ನು ಎಳೆಯಲು ಎಂಜಿನ್ ಬಂದು ನಿಂತಿತು. ಕಸ ಹೊಡೆದು ಬಾಗಿಲು ಮುಚ್ಚದ ಹೊರತು ಗಾಡಿ ಬಿಡುವಂತಿಲ್ಲ; ತಡವಾದಷ್ಟೂ ದಂಡ ಗುತ್ತಿಗೆದಾರನ ತಲೆಗೆ. ಬಸವಲಿಂಗ ಶೆಡ್ಡಿನ ಹಿಂದಕ್ಕೆ ಓಡಿದ.

“ಏಳ್ರೆ! ಲಗೂ ಕಸಾ ಹೊಡೀರಿ!”

“ಬ್ಯಾಡ್ರಿ ಸಾವ್ಕಾರ್ರ,” ದೇವಕ್ಕ ಎಲೆಯಡಿಕೆಯ ಚೀಲ ಬಿಚ್ಚಿದಳು. “ಒಳಗ ಹ್ವಾದ್ರ ಸೀರಿಗೆ ಕಾಳ ಹತ್ತತಾವ. ಕಳ್ಳತನಾ ಆಕ್ಕೈತಿ.”

“ನನ್ನ ತುರಬಿನ್ಯಾಗೂ ಸಿಕ್ಕೋತಾವ್ರಿ,” ಸಾವಿತ್ರೆವ್ವ ನಿಟ್ಟುಸಿರಿಟ್ಟಳು. “ಈ ವಯಸ್ಸಿನ್ಯಾಗ ಜೈಲಿನ ಅನ್ನಾ ಪಚನ ಆಗೂದಿಲ್ಲ.”

“ಸೊಕ್ಕ ಬಂತೇನ ನಿಮಗ? ಕಟಕೋಳದಿಂದ ಬ್ಯಾರೇ ಹೆಣ್ಮಕ್ಕಳನ್ನ ತರಸ್ತೇನಿ!”

“ತರಸ್ರಿ. ಅವರಿಗೂ ಉಡಿ ಅದಾವ. ಅಲ್ಲೀಮಟಾ ಆ ಶ್ರಮಜೀವಿಗೋಳನ್ನ ಕರೀರಿ, ಅವರ ಊಟಾ ಆಗಿರಬೇಕ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಎಂಜಿನ್ ಒಮ್ಮೆ ಕೂಗಿತು.

ದೇವಕ್ಕ ಎದ್ದಳು. ಮಣಿದರೆಂದು ಬಸವಲಿಂಗ ಮೀಸೆಯಲ್ಲಿ ನಕ್ಕ. ಅವಳು ವ್ಯಾಗನ್ನಿನ ಕಡೆ ಹೋಗಲಿಲ್ಲ. ಶಾಮಿಯಾನಕ್ಕೆ ನಡೆದು, ಜಮಖಾನೆಯ ಮೇಲೆ ಮೊಣಕಾಲೂರಿ, ಅತಿಥಿಗಳೆಲ್ಲ ನೋಡುತ್ತಿರುವಂತೆಯೇ ಗೋದಿಯನ್ನು ಎರಡೂ ಕೈಯಿಂದ ಬಾಚಿ ಉಡಿಗೆ ತುಂಬತೊಡಗಿದಳು. ಫೋಟೋದವನು ಕ್ಯಾಮೆರಾ ಎತ್ತಿದ. ಅವಳು ಧೂಳು ಮೆತ್ತಿದ ಮುಖವನ್ನು ನೇರವಾಗಿ ಅವನಿಗೆ ಕೊಟ್ಟಳು.

“ಹಾಟ್ಯಾನ ಮಗನ, ಬಂದ್ ಮಾಡ ಫೋಟೋ!” ಬಸವಲಿಂಗ ಕಿರುಚಿ, ಅವಳಿಗಿಂತ ಮೊದಲೇ ಓಡಿಹೋಗಿ ಗೇಟಿಗೆ ಅಡ್ಡ ನಿಂತ. ದೇವಕ್ಕ ತುಂಬಿದ ಉಡಿಯನ್ನು ಬಸುರಿಯಂತೆ ಹಿಡಿದು ಅವನೆದುರು ಬಂದಳು. ಉಳಿದ ಹೆಂಗಸರು ಅವಳ ಬೆನ್ನಿಗೆ.

“ಏನ್ರೀ ಗುತ್ತಿಗೆದಾರ್ರೇ,” ರೈಲಿನ ಅಧಿಕಾರಿ ಹಿಂದಿನಿಂದ ಕೂಗಿದ, “ಗಾಡಿ ಯಾವಾಗ ಬಿಡ್ತೀರಿ?”

“ಕಸಾ ಹೊಡೀತೇವ್ರಿ ಸಾಹೇಬ್ರ,” ಉತ್ತರ ಕೊಟ್ಟವಳು ದೇವಕ್ಕ. “ಈ ಗೋದಿ ಮನಿಗೆ ಮುಟ್ಟಿಸಿ, ಬಾಣಂತಿಗೆ ಉಣ್ಣಾಕಿಟ್ಟ ಬರತೇನಿ. ಅಲ್ಲೀಮಟಾ ಇವ್ರು ಇಲ್ಲೇ ಕುಂತಿರ್ತಾರ.”

“ಎಷ್ಟು ಹೊತ್ತು?”

“ಕುಟ್ಟಬೇಕ್ರಿ, ನೆನಿ ಹಾಕಬೇಕ್ರಿ, ಕುದೀಬೇಕ್ರಿ. ಗೋದಿ ಹುಗ್ಗಿ ಅಂದ್ರ ಸುಮ್ನ ಆಕ್ಕೈತೇನ್ರಿ?”

ಎಂಜಿನ್ ಮತ್ತೆ ಕೂಗಿತು, ಈ ಸಲ ಉದ್ದಕ್ಕೆ. ಬಸವಲಿಂಗ ಎಂಜಿನ್ನಿನತ್ತ ನೋಡಿದ, ಅಧಿಕಾರಿಯತ್ತ ನೋಡಿದ. ಗೇಟಿನ ಮೇಲಿದ್ದ ಅವನ ಕೈ ಕೆಳಗಿಳಿಯಿತು.

ದೇವಕ್ಕ ಒಂದು ಕಾಳೂ ಚೆಲ್ಲದಂತೆ ಟಂಟಂ ಹತ್ತಿದಳು.

“ಸಾವಕಾಶ ಹೊಡಿ ತಮ್ಮಾ,” ಎಂದಳು, “ಏನೂ ಅವಸರಿಲ್ಲ.”